ಅತ್ತೆಯ ಸಕ್ಕರೆ, ಸೊಸೆಯ ಸೇತುವೆ

ಹೊಲಿಗೆ ಅಂಗಡಿ, ಕಟಿಂಗ್ ಮೇಜಿನ ಮೇಲಿಂದ
ನವೆಂಬರ್ ೧೨, ಬುಧವಾರ ಬೆಳಿಗ್ಗೆ

ನಮ್ಮ ಪ್ರೀತಿಯ ಇಂಜಿನಿಯರಮ್ಮನಿಗೆ ಅತ್ತೆಯ ತುಂಬು ಮನಸ್ಸಿನ ಆಶೀರ್ವಾದಗಳು.

ಹೇಗಿದ್ದೀ ಮಗಳೇ? ಕೆಮ್ಮು ಹೋಯಿತೇ? ಹೊಳೆಯ ಮೇಲಿನ ಗಾಳಿಗೆ ಕಿವಿ ತೆರೆದುಕೊಂಡು ನಿಲ್ಲಬೇಡ ಎಂದು ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ಆ ಹಳದಿ ಟೋಪಿಯೊಂದು ತಲೆಯ ಮೇಲಿದ್ದರೆ ಲೋಕದ ಕಾಯಿಲೆಯೆಲ್ಲ ಹೆದರಿ ಓಡುತ್ತದೆಂಬ ಧೈರ್ಯ ನಿನಗೆ. ಹೋದ ಸಲ ಕಳಿಸಿದ ಉಣ್ಣೆ ಕೋಟಿನ ತೋಳು ಸರಿಯಾಯಿತೇ? ನಿನ್ನ ಮಾವ ಒಂದು ಬೆರಳು ಗಿಡ್ಡ ಮಾಡಿದ್ದಾರೆಂದು ನನ್ನ ವಾದ, ಸೊಸೆಯ ಕೈಯೇ ಉದ್ದ ಎಂದು ಅವರ ವಾದ. ಯಾರು ಗೆದ್ದರೆಂದು ಮರೆಯದೆ ಬರೆ. ಕ್ಯಾಂಪಿನಲ್ಲಿ ಫೋನು ಸಿಗುವುದಿಲ್ಲವೆಂದು ನಿನ್ನ ಗಂಡ ಮುಖ ಸಣ್ಣದು ಮಾಡಿಕೊಂಡು ತಿರುಗುತ್ತಾನೆ. ನನಗೇನೋ ಅದು ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಫೋನಿನಲ್ಲಾದರೆ ನೀನು ಬರೀ ಪ್ರಶ್ನೆ ಕೇಳುತ್ತೀ, ಕಾಗದದಲ್ಲಿ ನಾನು ಹೇಳಿದ್ದನ್ನೆಲ್ಲ ಕೊನೆತನಕ ಕೇಳಲೇಬೇಕು.

ಇವತ್ತು ಸುಮ್ಮನೆ ಕೂತು ಬಟನ್ ಹೊಲಿಯಲು ಆಗುತ್ತಿಲ್ಲ, ಅದಕ್ಕೇ ಬರೆಯಲು ಕೂತೆ. ಮೊನ್ನೆ ರಕ್ತ ಕೊಟ್ಟು ಬಂದೆ. ಮೂರು ತಿಂಗಳ ಸಕ್ಕರೆಯ ಚರಿತ್ರೆಯನ್ನೆಲ್ಲ ಒಂದೇ ಅಂಕಿಯಲ್ಲಿ ಹೇಳಿಬಿಡುತ್ತದಲ್ಲ, ಅದೇ ಪರೀಕ್ಷೆ. ರಿಪೋರ್ಟು ಮಧ್ಯಾಹ್ನ ಸಿಗುತ್ತದೆ, ನಿನ್ನ ಮಾವ ಊಟ ಮುಗಿಸಿ ತರಲು ಹೋಗುತ್ತಾರೆ. ಸಂಜೆಗೆ ನಿಮ್ಮ ಕ್ಯಾಂಪಿನ ಸಾಮಾನಿನ ಲಾರಿ ಹೊರಡುತ್ತದೆ, ನಿನ್ನ ಗಂಡ ಈ ಕಾಗದವನ್ನು ಅದರ ಡ್ರೈವರ್ ಕೈಗೆ ಮುಟ್ಟಿಸಬೇಕು. ಅಷ್ಟರೊಳಗೆ ನಮ್ಮಿಬ್ಬರ ಕರಾರಿನ ತೀರ್ಮಾನವೂ ಆಗಿಬಿಡುತ್ತದೆ.

ಕರಾರು ನಿನಗೆ ಮರೆತಿರಲಿಕ್ಕಿಲ್ಲ. ರಜೆ ಮುಗಿಸಿ ಹೊರಟವಳು ಚೀಲವನ್ನು ಬಾಗಿಲಲ್ಲೇ ಇಟ್ಟು, ನನ್ನ ಎರಡೂ ಕೈ ಹಿಡಿದುಕೊಂಡು, “ಅತ್ತೆ, ಮೂರು ತಿಂಗಳು ಟೈಮ್ ಕೊಡ್ತೀನಿ. ಅಂಕಿ ಏಳರ ಒಳಗೆ ಬಂತಾ, ಸೇತುವೆ ಮುಗಿಸೇ ಬರ್ತೀನಿ. ಬರ್ಲಿಲ್ವಾ, ಕೆಲಸ ಬಿಟ್ಟು ಬಂದು ನಿಮ್ಮ ತಟ್ಟೆ ಮುಂದೆ ಕೂತ್ಕೋತೀನಿ” ಎಂದೆಯಲ್ಲ. ನಾನು ತಮಾಷೆ ಎಂದುಕೊಂಡು ತಲೆಯಾಡಿಸಿದೆ. ಹೋದ ತಿಂಗಳು ನಿನ್ನ ಗಂಡನ ಬಾಯಿ ಬಿಡಿಸಿದಾಗ ಗೊತ್ತಾಯಿತು, ನೀನು ಆಗಲೇ ಮೇಲಿನವರ ಹತ್ತಿರ ಮಾತಾಡಿಟ್ಟಿದ್ದೀಯಂತೆ, ನಿನ್ನ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗಬಹುದು ಎಂದು. ಎಂಥ ಹಟವೇ ನಿನ್ನದು! ಎರಡೂ ದಡದಿಂದ ಬರುತ್ತಿರುವ ಸೇತುವೆ ನಡುಹೊಳೆಯಲ್ಲಿ ಕೂಡಿಕೊಳ್ಳುವ ಹೊತ್ತಿಗೆ, ಅದರ ಅಳತೆಯನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡವಳು ಅತ್ತೆಯ ಅನ್ನ ಅಳೆಯಲು ಮನೆಗೆ ಬರುವುದೇ? ಒಂದೇ ಕೋಟಿನ ಎರಡು ತೋಳನ್ನು ಇಬ್ಬರು ಕತ್ತರಿಸಿದರೆ ಏನಾಗುತ್ತದೆಂದು ಈ ಅಂಗಡಿಯಲ್ಲಿ ಕೂತವಳಿಗೆ ಬೇರೆ ಹೇಳಬೇಕಾಗಿಲ್ಲ. ನಿನ್ನ ಹಟ ಎಲ್ಲಿಂದ ಬಂತೆಂದೂ ನನಗೆ ಗೊತ್ತು. ನಿನ್ನ ಅಮ್ಮ ಹಾಸ್ಟೆಲಿಗೆ ಬರೆದ ಒಂದೊಂದು ಕಾಗದದಲ್ಲೂ ‘ನಾನು ಚೆನ್ನಾಗಿದ್ದೇನೆ, ನೀನು ಓದು’ ಎಂದೇ ಬರೆದರು. ಪರೀಕ್ಷೆ ಮುಗಿಸಿ ನೀನು ಮನೆಗೆ ಬಂದಾಗ ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ನೀನು ನನಗೆ ಒಂದೇ ಒಂದು ಸಲ ಹೇಳಿದ್ದು, ನಾನು ಮರೆತಿಲ್ಲ.

ಇರಲಿ, ಈಗ ಸಮಾಚಾರಕ್ಕೆ ಬರುತ್ತೇನೆ. ನನ್ನ ಕಾಯಿಲೆಯನ್ನು ಹಿಡಿದುಕೊಟ್ಟವಳೇ ನೀನು. ಸೂಜಿಗೆ ದಾರ ಪೋಣಿಸಿಕೊಡು ಎಂದು ಗಳಿಗೆಗೊಮ್ಮೆ ನಿನ್ನನ್ನು ಕರೆಯುತ್ತಿದ್ದೆ, ಕನ್ನಡಕದ ಅಂಗಡಿಯವನಿಗೆ ಮನಸಾರೆ ಬಯ್ಯುತ್ತಿದ್ದೆ, ಚೊಂಬು ಚೊಂಬು ನೀರು ಕುಡಿದು ‘ಎಂಥ ಸೆಕೆ’ ಎನ್ನುತ್ತಿದ್ದೆ. ಸೆಕೆ ಬೇರೆ ಯಾರಿಗೂ ಇರಲಿಲ್ಲ ಎಂಬುದನ್ನು ಗಮನಿಸಿದವಳು ನೀನೊಬ್ಬಳೇ. ಆ ಡಾಕ್ಟರಮ್ಮ ನಿನಗೆ ನೆನಪಿದ್ದಾಳಲ್ಲ, ಅವಳ ಬಿಳಿ ಕೋಟು ನಾವೇ ಹೊಲಿದದ್ದು. ಆದರೂ ನನಗೆ ಒಂದಿಷ್ಟೂ ದಾಕ್ಷಿಣ್ಯ ತೋರಿಸಲಿಲ್ಲ. “ಕನ್ನಡಕ ಈಗ್ಲೇ ಬದಲಾಯಿಸ್ಬೇಡಿ. ಸಕ್ಕರೆ ಒಂದು ಹದಕ್ಕೆ ಬರ್ಲಿ, ಕಣ್ಣು ತಾನಾಗೇ ತಿಳಿಯಾಗ್ಬಹುದು. ಮೊದಲು ಊಟ, ಆಮೇಲೆ ನಡಿಗೆ. ಅದು ಸಾಲ್ದೇ ಹೋದ್ರೆ ಮಾತ್ರೆ ಇದ್ದೇ ಇದೆ” ಎಂದಳು. ಅವಳ ಮಾತು ನಿಜವಾಯಿತು ನೋಡು, ಈ ತಿಂಗಳು ದಾರವನ್ನು ನಾನೇ ಪೋಣಿಸಿಕೊಳ್ಳುತ್ತಿದ್ದೇನೆ. ಮೊದಲ ಸಲ ದಾರ ಸೂಜಿಯ ಕಣ್ಣು ದಾಟಿದಾಗ ಖುಷಿಗೆ ಏನು ಮಾಡುವುದೆಂದು ತಿಳಿಯದೆ, ಹೊಲಿಯಲು ಏನೂ ಇಲ್ಲದಿದ್ದರೂ ನಿನ್ನ ಮಾವನ ಕರವಸ್ತ್ರದ ಅಂಚಿಗೆ ಒಂದು ಸುತ್ತು ಹೊಲಿಗೆ ಹಾಕಿಬಿಟ್ಟೆ.

ಊಟದ ವಿಷಯದಲ್ಲಿ ನಾನು ಮಾಡಿದ ಮೊದಲ ಕೆಲಸ ಕೇಳಿದರೆ ನಗುತ್ತೀ. ತಟ್ಟೆಯ ಅರ್ಧ ತರಕಾರಿ, ಉಳಿದರ್ಧದಲ್ಲಿ ಅರ್ಧ ಬೇಳೆಕಾಳು ಇಲ್ಲವೇ ಮೊಟ್ಟೆ, ಮಿಕ್ಕ ಮೂಲೆಗೆ ಮಾತ್ರ ಅನ್ನ ಎಂದು ಡಾಕ್ಟರಮ್ಮ ಬಾಯಲ್ಲಿ ಹೇಳಿದರೆ ನನಗೆ ಹೇಗೆ ತಲೆಗೆ ಹೋಗಬೇಕು? ನಲವತ್ತು ವರ್ಷದಿಂದ ಗೆರೆ ಎಳೆಯದೆ ಏನನ್ನೂ ಕತ್ತರಿಸಿದವಳಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು ತಟ್ಟೆಯ ಮೇಲೇ ಗೆರೆ ಎಳೆದು, ಗೆರೆ ದಾಟದ ಹಾಗೆ ಬಡಿಸಿಕೊಂಡೆ. ನಿನ್ನ ಗಂಡ ನೋಡಿ, “ಅಮ್ಮಾ, ಸಕ್ಕರೆ ಬಿಟ್ಟು ಸುಣ್ಣ ತಿನ್ನೋಕೆ ಶುರು ಮಾಡಿದ್ಯಾ?” ಎಂದು ಮನೆ ಹಾರಿಹೋಗುವ ಹಾಗೆ ಕೂಗಿದ. ತಟ್ಟೆ ತೊಳೆಸಿ ಮತ್ತೆ ಬಡಿಸಿದ. ಈಗ ಗೆರೆ ಬೇಡ, ಕಣ್ಣಳತೆ ಕೂತುಬಿಟ್ಟಿದೆ. ಅಂದಹಾಗೆ ನಿನ್ನ ಗಂಡ ಈಗ ಈ ಮನೆಯ ಪೊಲೀಸು. ಡಿಪೋದಲ್ಲಿ ಬಸ್ಸು ಹೊರಡುವ ಹೊತ್ತನ್ನು ಕೂಗಿ ಕೂಗಿ ಅಭ್ಯಾಸವಾದ ಗಂಟಲು, ಬಿಸ್ಕತ್ತಿನ ಪೊಟ್ಟಣದ ಹಿಂದೆ ಬರೆದದ್ದನ್ನೂ ಹಾಗೇ ಕೂಗಿ ಓದುತ್ತಾನೆ. ಪೂರ್ತಿ ಓದಿ ಮುಗಿಸುವಷ್ಟರಲ್ಲಿ ತಿನ್ನುವ ಆಸೆಯೇ ಸತ್ತುಹೋಗಿರುತ್ತದೆ.

ನಿನ್ನ ಮಾವ ‘ನೀನು ಬಿಟ್ಟರೆ ನಾನೂ ಬಿಟ್ಟೆ’ ಎಂದು ಮೊದಲ ದಿನವೇ ಚಹಾಕ್ಕೆ ಸಕ್ಕರೆ ಬೇಡವೆಂದರು. ಅವರನ್ನು ಹೊಗಳುವ ಮೊದಲು ಸ್ವಲ್ಪ ತಾಳು. ಆಮೇಲಿಂದ ಅವರಿಗೆ ಬಟನ್ ತರುವ ಕೆಲಸ ಹೆಚ್ಚಾಯಿತು. ಬಟನ್ ಅಂಗಡಿ ಇರುವುದು ಬೇಕರಿಯ ಪಕ್ಕದಲ್ಲಿ ಎಂದು ನಿನಗೆ ಗೊತ್ತೇ ಇದೆ. ಮೀಸೆಯಲ್ಲಿ ಕೇಕಿನ ಪುಡಿ ಇಟ್ಟುಕೊಂಡು ಬಂದು, ‘ಈ ಸಲ ಬಟನ್ ಒಳ್ಳೆಯ ಮಾಲು ಬಂದಿದೆ’ ಎನ್ನುತ್ತಾರೆ. ನಾನು ಕನ್ನಡಿ ಮುಂದೆ ಹಿಡಿಯುತ್ತೇನೆ, ಅಷ್ಟೇ. ಪಾಪ, ಸಕ್ಕರೆ ಇಲ್ಲದ ಚಹಾವನ್ನು ಮಾತ್ರ ಮುಖ ಕಿವಿಚಿಕೊಂಡಾದರೂ ಕುಡಿದು ನನಗೆ ಜೊತೆ ಕೊಡುತ್ತಿದ್ದಾರೆ, ಅದಕ್ಕಾಗಿ ಎಲ್ಲವನ್ನೂ ಮಾಫಿ ಮಾಡಿದ್ದೇನೆ.

ವ್ಯಾಯಾಮ ಎಂದರೆ ನನಗೆ ನಗು ಬರುತ್ತಿತ್ತು, ದಿನವಿಡೀ ದುಡಿಯುವವಳಿಗೆ ಮತ್ತೇನು ವ್ಯಾಯಾಮ ಎಂದು. ಡಾಕ್ಟರಮ್ಮ ನಮ್ಮ ಅಂಗಡಿಯೊಳಗೆ ಒಂದು ಸಲ ಕಣ್ಣಾಡಿಸಿ, “ನೀವು ದುಡೀತೀರ ನಿಜ, ಆದ್ರೆ ಕೂತೇ ದುಡೀತೀರಲ್ಲ” ಎಂದಳು. ಅವತ್ತೇ ಮಷಿನ್ನಿಗೆ ಹಾಕಿದ್ದ ಕರೆಂಟಿನ ಮೋಟಾರು ತೆಗೆಸಿ ಹಳೇ ಹಾಗೆ ಕಾಲಲ್ಲಿ ತುಳಿಯಲು ಶುರು ಮಾಡಿದೆ. ದಾರದ ಡಬ್ಬಿ, ಕತ್ತರಿ, ಇಸ್ತ್ರಿಪೆಟ್ಟಿಗೆ ಎಲ್ಲವೂ ಕೈಗೆಟಕುವ ಹಾಗೆ ಇದ್ದವಲ್ಲ, ಅವನ್ನು ಒಂದೊಂದು ಮೂಲೆಗೆ ಇಟ್ಟೆ. ಈಗ ಒಂದು ಅಂಗಿ ಮುಗಿಸುವಷ್ಟರಲ್ಲಿ ಅಂಗಡಿಯನ್ನು ಎಷ್ಟು ಸುತ್ತು ಹಾಕುತ್ತೇನೋ ಲೆಕ್ಕವಿಲ್ಲ. ಊಟವಾದ ಕೂಡಲೇ ಮೊದಲಿನ ಹಾಗೆ ಗೋಡೆಗೆ ಒರಗುವುದಿಲ್ಲ, ಬೀದಿಯ ಕೊನೆಯ ಅಂಚೆಪೆಟ್ಟಿಗೆಯವರೆಗೆ ಹೋಗಿ ಬರುತ್ತೇನೆ. ಬೆಳಗಿನ ದೊಡ್ಡ ನಡಿಗೆಗೆ ಜೊತೆ ಯಾರು ಗೊತ್ತೇ? ಬೇಕರಿಯವನ ಹೆಂಡತಿ! ಮಂಡಿನೋವಿಗೆ ನಡೆಯಲು ಅವಳಿಗೂ ಹೇಳಿದ್ದಾರಂತೆ. ಅವಳ ನಿಲ್ಲದ ಮಾತು ಒಂದು ಕಡೆ, ಅವಳ ಶಾಲಿನಿಂದ ಬರುವ ಬಿಸಿ ಬನ್ನಿನ ವಾಸನೆ ಇನ್ನೊಂದು ಕಡೆ. ಮೊದಲ ವಾರ ನಾನು ಅವಳಿಗಿಂತ ಎರಡು ಮಾರು ಮುಂದೆಯೇ ನಡೆಯುತ್ತಿದ್ದೆ. “ಎಷ್ಟು ಚುರುಕಾಗಿ ನಡೀತೀರಿ ಅಕ್ಕಾ!” ಎಂದು ಅವಳಿಗೆ ಆಶ್ಚರ್ಯ. ವಾಸನೆಯಿಂದ ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ಹೇಗೆ ಹೇಳಲಿ?

ಒಂದು ದಿನ ಸೋತೆ, ಅದನ್ನೂ ಬರೆಯುತ್ತೇನೆ. ಮದುವೆ ಉಡುಪು ಹೊಲಿಸಿಕೊಂಡ ಹುಡುಗಿ ಅದನ್ನು ಹಾಕಿಕೊಂಡು, ಕಣ್ಣು ತುಂಬಿಕೊಂಡು, ಕೇಕಿನ ತುಂಡನ್ನು ತಾನೇ ನನ್ನ ಬಾಯಿಗೆ ಇಟ್ಟಳು. ಒಂದು ತುಂಡಿಗೆ ನಿಂತಿದ್ದರೆ ಸರಿ, ಅವಳು ಹೋದ ಮೇಲೆ ಇನ್ನೊಂದನ್ನು ನಾನೇ ಇಟ್ಟುಕೊಂಡೆ. ಆಮೇಲೆ ನಿನ್ನ ಮುಖ ಕಣ್ಣೆದುರು ಬಂದು, ಎಲ್ಲ ಮುಗಿಯಿತು, ಸೇತುವೆಯೇ ಬಿದ್ದುಹೋಯಿತು ಎನ್ನುವಷ್ಟು ಸಂಕಟವಾಯಿತು. ಡಾಕ್ಟರಮ್ಮನ ಹತ್ತಿರ ಓಡಿದರೆ ಅವಳು ಬಯ್ಯಲೂ ಇಲ್ಲ, “ಒಂದು ಹೊಲಿಗೆ ತಪ್ಪಿದ್ರೆ ಅಂಗೀನೇ ಎಸೀತೀರಾ? ಮುಂದಿನ ಊಟದಿಂದ ಸರಿಯಾಗಿ ತಿನ್ನಿ, ಹೋಗಿ” ಎಂದು ಕಳಿಸಿದಳು.

ಈಗ ನಿನ್ನ ಮಾವನ ಘನಕಾರ್ಯ ಕೇಳು. ದಿನಾ ತೂಕದ ಯಂತ್ರ ಹತ್ತಿ ತಲೆ ಕೆಡಿಸಿಕೊಳ್ಳಬೇಡಿ, ಬಟ್ಟೆ ಸಡಿಲವಾದರೆ ತಾನೇ ಗೊತ್ತಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಳು. ಸರಿ, ಬಟ್ಟೆ ಸಡಿಲವಾಗಲಿ ಎಂದು ಕಾದೆ. ಒಂದು ತಿಂಗಳಾಯಿತು, ಎರಡಾಯಿತು, ನನ್ನ ಒಂದು ಉಡುಪೂ ಕೂದಲೆಳೆಯಷ್ಟು ಸಡಿಲವಾಗಲಿಲ್ಲ. ಅಷ್ಟು ಬಾಯಿ ಕಟ್ಟಿ, ಅಷ್ಟು ಕಾಲು ಸವೆಸಿ, ಕೊನೆಗೆ ಇದೇ ಏನು ಎಂದು ಒಂದು ಮಧ್ಯಾಹ್ನ ಮಷಿನ್ನಿನ ಮೇಲೆ ತಲೆಯಿಟ್ಟು ಅತ್ತೂಬಿಟ್ಟೆ. ಸೊಸೆ ಕೆಲಸ ಬಿಟ್ಟು ಬರುವುದು ಖಂಡಿತ ಎಂದು ನಿಶ್ಚಯವಾಗಿ ಹೋಗಿತ್ತು. ಅವತ್ತು ಸಂಜೆ ಬೂದು ಬಣ್ಣದ ನಿಲುವಂಗಿಯನ್ನು ಮಡಿಸುವಾಗ ಒಳಮಗ್ಗುಲು ಹೊರಗೆ ಬಂತು. ನೋಡಿದರೆ, ಬದಿಯ ಹೊಲಿಗೆಯ ಪಕ್ಕ ಇನ್ನೊಂದು ಹೊಲಿಗೆ, ಅದರ ಪಕ್ಕ ಮತ್ತೊಂದು. ಬೀರು ತೆಗೆದು ಎಲ್ಲ ಬಟ್ಟೆಯನ್ನೂ ತಿರುವಿ ಹಾಕಿದೆ. ಎಲ್ಲದರಲ್ಲೂ ಹಾಗೇ! ಆ ಒತ್ತೊತ್ತು ಹೊಲಿಗೆ ಯಾರದೆಂದು ನಾನು ಕತ್ತಲಲ್ಲಿ ಬೆರಳಾಡಿಸಿಯೇ ಹೇಳಬಲ್ಲೆ. ಕರೆದು ಕೇಳಿದರೆ ಆ ಮನುಷ್ಯ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು, “ಇಸ್ತ್ರಿ ಮಾಡೋವಾಗ ನೋಡ್ದೆ ಕಣೇ, ನಿನ್ನ ಮೈಮೇಲೆ ಜೋಲಾಡ್ತಿತ್ತು. ದರ್ಜಿ ಹೆಂಡ್ತಿ ಜೋಲು ಅಂಗಿ ಹಾಕ್ಕೊಂಡು ಅಂಗಡೀಲಿ ಕೂತ್ರೆ ಗಿರಾಕಿಗಳು ಏನಂತಾರೆ? ಅದಕ್ಕೇ ಬದಿ ಹಿಡಿದು ಹೊಲಿದುಹಾಕ್ದೆ” ಎಂದರು. ಸಡಿಲ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ ಎಂಬುದನ್ನು ನಾನಾದರೂ ಯೋಚಿಸಬೇಕಿತ್ತು. ಬಯ್ಯಲು ಬಾಯಿ ತೆರೆದವಳು, ಮೊದಲ ಹೊಲಿಗೆಗೂ ಕೊನೆಯ ಹೊಲಿಗೆಗೂ ಇರುವ ಅಂತರಕ್ಕೆ ಟೇಪು ಹಿಡಿದು ನೋಡಿ, ಅವರನ್ನು ಅಪ್ಪಿಕೊಂಡೆ. ಅಂಗಡಿಯ ಬಾಗಿಲು ತೆರೆದೇ ಇತ್ತು, ಯಾರು ನೋಡಿದರೋ ಗೊತ್ತಿಲ್ಲ, ನೋಡಿದರೆ ನೋಡಲಿ.

ಇಷ್ಟು ಬರೆಯುವಷ್ಟರಲ್ಲಿ ಊಟದ ಹೊತ್ತಾಯಿತು. ನಿನ್ನ ಮಾವ ರಿಪೋರ್ಟು ತರಲು ಹೊಸ ಅಂಗಿ ಹಾಕಿಕೊಂಡು ತಯಾರಾಗಿದ್ದಾರೆ, ಬಹುಮಾನ ತೆಗೆದುಕೊಳ್ಳಲು ಹೋಗುವವರ ಹಾಗೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಕಾಲುಚೀಲದಲ್ಲಿ ಇರಬೇಡ, ಎತ್ತರದಲ್ಲಿ ನಿಂತಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವುದನ್ನು ಮರೆಯಬೇಡ. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ಹಾರೈಕೆ ತಿಳಿಸು. ನೀನು ಹಿಡಿದ ಕೆಲಸ ಗಟ್ಟಿಯಾಗಿ ನಿಲ್ಲಲಿ, ನೂರು ವರ್ಷ ಜನ ಅದರ ಮೇಲೆ ಓಡಾಡಲಿ.

ಇಂತಿ,
ಮೊದಲಿಗಿಂತ ಅಗಲದಲ್ಲಿ ಕಡಿಮೆಯಾದ, ಪ್ರೀತಿಯಲ್ಲಿ ಕಡಿಮೆಯಾಗದ
ನಿನ್ನ ಅತ್ತೆ

ತಾ.ಕ.: ರಿಪೋರ್ಟು ಬಂತು. ನಿನ್ನ ಗಂಡ ಸೈಕಲ್ಲಿನ ಮೇಲೆ ಒಂದು ಕಾಲಿಟ್ಟುಕೊಂಡು ‘ಲಾರಿ ಹೊರಡುತ್ತೆ, ಲಾರಿ ಹೊರಡುತ್ತೆ’ ಎನ್ನುತ್ತಿದ್ದಾನೆ, ಅದಕ್ಕೇ ಅಕ್ಷರ ಹೀಗೆ. ಏಳು ಪಾಯಿಂಟ್ ಎರಡು. ಒಂಬತ್ತರ ಹತ್ತಿರ ಇದ್ದದ್ದು ಅಲ್ಲಿಗೆ ಇಳಿದಿದೆ. ನಿನ್ನ ಮಾವ ತೋರಿಸಿದಾಗ ಡಾಕ್ಟರಮ್ಮ ಮೆಚ್ಚಿಕೊಂಡು, ಸದ್ಯಕ್ಕೆ ಮಾತ್ರೆ ಬೇಡ, ಹೀಗೇ ಮುಂದುವರಿಸಿ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದು ಹೇಳಿ ಕಳಿಸಿದ್ದಾಳೆ. ಆದರೆ ಏಳರ ಒಳಗೆ ಬರಲಿಲ್ಲ. ಕರಾರಿನ ಪ್ರಕಾರ ನಾನು ಸೋತೆ. “ಆರು ಪಾಯಿಂಟ್ ಒಂಬತ್ತು ಅಂತ ಬರಿ, ಅಲ್ಲಿ ಕೂತು ಅವಳಿಗೇನು ಗೊತ್ತಾಗುತ್ತೆ” ಎಂದು ನಿನ್ನ ಮಾವ ಹೇಳಿದರು, ನಿನ್ನ ಗಂಡನೂ ತಲೆಯಾಡಿಸಿದ. ಬರೆಯಬಹುದಿತ್ತು. ಇವತ್ತು ಸುಳ್ಳು ಬರೆದರೆ ನಾಳೆ ನಾನು ಬರೆಯುವ ಒಂದು ಮಾತನ್ನೂ ನೀನು ನಂಬಲಾರೆ, ನಂಬಲೂಬಾರದು. ಸೋತೆ ಎಂದು ಒಪ್ಪಿಕೊಂಡ ಕೈಯಲ್ಲೇ ಇದನ್ನೂ ಬರೆಯುತ್ತಿದ್ದೇನೆ, ಈ ಸಲ ನಂಬು: ನಾನು ಚೆನ್ನಾಗಿದ್ದೇನೆ ಮಗಳೇ. ಬರಬೇಡ. ಸೇತುವೆ ಮುಗಿಸು.