ಮೂರನೆಯ ಬಾಟಲಿ

೧೨ ಫೆಬ್ರವರಿ ೨೦೨೫, ಬುಧವಾರ. ಬಾದಾಮಿ.

ಅಸಹ್ಯ ಇನ್ನೂ ಹೋಗಿಲ್ಲ. ಊಟವೂ ಸೇರಲಿಲ್ಲ.

ನಾಟಿ ವೈದ್ಯ ಕಲಿಯುವವರಿಗೆ ಇವತ್ತು ಪಾಠ ಮಾಡುವ ಮೊದಲು ಹೆಸರಿನ ಚೀಟಿಯಿಲ್ಲದ ಬಾಟಲಿಗಳ ಜಾಗ ಬದಲಿಸಿದ್ದೆ. ದಿನವೂ ಅಳ್ವಿ ಬೀಜ ಇರುತ್ತಿದ್ದ ಮೂರನೆಯ ಜಾಗದಲ್ಲಿ ಮದಗುಣಕಿ, ಅಂದರೆ ದತ್ತೂರಿ ಬೀಜ ಇಟ್ಟೆ. ತಲೆ ಕೆಡಿಸಿ ಕೊಲ್ಲುವ ವಿಷ. ಇದೇನೆಂದು ಕೇಳಿದರೆ, ಕಲಿಯುವವರಲ್ಲೊಬ್ಬನಾದ ಶಂಕರಲಿಂಗ ಬಾಟಲಿ ಕೈಗೆತ್ತಿಕೊಳ್ಳದೆ, ಜಾಗ ನೋಡಿಯೇ ಹೇಳಿದ: "ಅಳ್ವಿರಿ ಮೇಡಂ. ಬಾಣಂತಿಗೆ ಹಾಲಾಗ ಕುದಿಸಿ ಕೊಡೂದು." ಉಳಿದವರೂ ತಲೆಯಾಡಿಸಿದರು. ಅವನ ಹೆಂಡತಿಯೇ ಬಾಣಂತಿ. ಮನೆಯಲ್ಲಿ ದಿನಾ ಅಳ್ವಿ ಪಾಯಸ ಕುದಿಯುತ್ತದೆ!

ಅದು ಮದಗುಣಕಿ ಎಂದಾಗಲೂ ಅವನಿಗೆ ನಾಚಿಕೆಯಾಗಲಿಲ್ಲ. "ನಮ್ಮ ಅಂಗಡ್ಯಾಗ ಬಾಟಲಿ ನಾವ ಇಡ್ತೇವಲ್ರಿ. ಅಲ್ಲಿ ಯಾರ್ ಬಂದು ಬದಲ್ ಮಾಡ್ತಾರ?" ಎಲ್ಲರೂ ನಕ್ಕರು. ಯುಗಾದಿಗೆ ಇಳಕಲ್ಲಿನಲ್ಲಿ ಅವನ ಔಷಧಿ ಅಂಗಡಿ ತೆರೆಯುತ್ತದೆ.

ತರಬೇತಿ ನಡೆಸುವ ಪಂಢರೀನಾಥರು ಚಹಾ ಹೀರುತ್ತ, "ನಾಳಿ ಪರೀಕ್ಷಾಕ್ಕ ಬಾಟಲಿ ಮೊದಲಿನಂಗ ಇಡ್ರಿ. ನೀವು ಹೊರಗಿಂದ ಬಂದು ಪಾಠ ಹೇಳಿ ಹೋಗಾವ್ರು, ಯಾಕ ಭಾಳ ತಲಿ ಕೆಡಿಸ್ಕೋತೀರಿ? ಎಲ್ಲಾರೂ ಪಾಸಾದ್ರ ಮುಂದಿನ ಸಲಾನೂ ನಿಮ್ಮನ್ನ ಕರಿತೇವಿ" ಎಂದರು. ನಾನು ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಕೋಣೆಗೆ ಬಂದೆ.

ಓದುತ್ತಿದ್ದ ಕಾದಂಬರಿ ತೆರೆದೆ. ಒಂದೇ ಪುಟವನ್ನು ಮತ್ತೆ ಮತ್ತೆ ಓದಿ ಮುಚ್ಚಿಟ್ಟೆ.

ನಾಳೆ ಬಾಟಲಿಗಳನ್ನೇ ಒಯ್ಯುವುದಿಲ್ಲ. ಬೀಜಗಳನ್ನು ಬರಿಯ ಕಾಗದದ ಮೇಲೆ ಸುರಿಯುತ್ತೇನೆ. ಗುರುತು ಹಿಡಿಯದವರಿಗೆ ಪಾಸಿಲ್ಲ. ಆಮೇಲೆ ಕರೆಯದಿದ್ದರೆ ಬೇಡ.

ಕೆಳಗಿನ ಮನೆಯಲ್ಲಿ ಯಾರೋ ಹಾಲು ಕಾಯಿಸುತ್ತಿದ್ದಾರೆ. ಆ ವಾಸನೆಗೇ ಶಂಕರಲಿಂಗನ ಮನೆಯ ಬಾಣಂತಿ ನೆನಪಾಗಿ, ಎದ್ದು ಕಿಟಕಿ ಮುಚ್ಚಿದೆ.