ಎದುರು ಬರುವ ಕೈ

ಮಾರ್ಚ್ 3, ಸಂಜೆ

ಚಿತ್ರದಲ್ಲಿ ಮತ್ತೆ ಕೈಯೇ ಕೆಟ್ಟಿತು. ಮುಂದಕ್ಕೆ ಚಾಚಿದ ಕೈಯನ್ನು ಬರೆಯಲು ಹೋದರೆ ದೊಣ್ಣೆಯಷ್ಟು ಉದ್ದ. ಡ್ರಾಯಿಂಗ್ ಮೇಷ್ಟ್ರು ರಬ್ಬರ್ ಕೊಟ್ಟರು. ನಮ್ಮ ಕಡೆಗೇ ಬರುವ ಕೈ ಗಿಡ್ಡವಾಗುತ್ತದಂತೆ. ಮುಷ್ಟಿ ದೊಡ್ಡದು, ತೋಳು ಇಲ್ಲವೇ ಇಲ್ಲ. ಗೊತ್ತಿದ್ದದ್ದನ್ನು ಬಿಟ್ಟು ಕಂಡಷ್ಟು ಬರಿ ಎಂದರು. ತಲೆಗೆ ಹತ್ತಲಿಲ್ಲ. ಮನೆಯಲ್ಲಿ ಹೇಳಿರುವುದು ಹೊಲಿಗೆ ಕ್ಲಾಸು ಎಂದು.

ಮಾರ್ಚ್ 5

ಊಟ ತಣ್ಣಗಿತ್ತಂತೆ. ಹೊಡೆದ. ಅಡುಗೆಮನೆ ನೆಲದಲ್ಲಿ ಬಿದ್ದವಳಿಗೆ ಎರಡನೇ ಏಟು ಬರುವುದು ಕಂಡಿತು — ಮುಷ್ಟಿ ಕುಂಬಳಕಾಯಿಯಷ್ಟು, ಹಿಂದೆ ಗಂಡನ ಮುಖ ನಿಂಬೆಹಣ್ಣಿನಷ್ಟು. ಮೊಣಕೈ ಕಾಣಲೇ ಇಲ್ಲ. ತುಟಿ ಒಡೆದು ರಕ್ತ ಸುರಿಯುವಾಗ ಮೇಷ್ಟ್ರ ಪಾಠ ಅರ್ಥವಾಯಿತು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಮಾರ್ಚ್ 14

ದವಡೆಯ ಊತ ಇಳಿದಿದೆ. ಕ್ಲಾಸಿಗೆ ಹೋದೆ. ಆ ಮುಷ್ಟಿಯನ್ನೇ, ಹಿಂದಿನ ಪುಟ್ಟ ಮುಖದ ಸಮೇತ ಬರೆದು ತೋರಿಸಿದೆ. ಭೇಷ್ ಎಂದರು ಮೇಷ್ಟ್ರು. ಆಮೇಲೆ ಚಿತ್ರದಲ್ಲಿ ಹಿಂದೆ ಕಾಣುವ ಅಡುಗೆಕಟ್ಟೆ, ಕಪಾಟುಗಳ ಗೆರೆಗಳಿಗೆ ಸ್ಕೇಲ್ ಇಟ್ಟು ಎಳೆಯುತ್ತಾ ಹೋದರು. ಎಲ್ಲವೂ ನೆಲದ ಹತ್ತಿರ ಹೋಗಿ ಸೇರಿದವು. ನೋಡುವವರ ಕಣ್ಣು ಎಷ್ಟು ಎತ್ತರದಲ್ಲಿತ್ತೋ ಅಲ್ಲೇ ಸೇರುತ್ತವಂತೆ. ಸ್ಕೇಲ್ ಕೆಳಗಿಟ್ಟರು.

"ಇದನ್ನ ನೆಲದ ಮೇಲೆ ಬಿದ್ಕೊಂಡು ನೋಡಿದೀಯಲ್ಲಮ್ಮಾ. ಯಾರದು ಈ ಕೈ?"

ಹೇಳಿಬಿಟ್ಟೆ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿಸಿದರು. ಭಾನುವಾರ ಬಂದು ಕರೆದುಕೊಂಡು ಹೋಗುತ್ತಾಳೆ. ಅಲ್ಲಿಯವರೆಗೆ ಬಾಯಿಗೆ ಬೀಗ.

ಭಾನುವಾರ, ಬೆಳಿಗ್ಗೆ

ಹೊರಡಲು ಕಟ್ಟಿ ಮಂಚದ ಕೆಳಗಿಟ್ಟಿದ್ದ ಬ್ಯಾಗ್ ಅವನ ಕಣ್ಣಿಗೆ ಬಿತ್ತು. ಒಳಗಿದ್ದ ಚಿತ್ರವೂ.

"ನಾನು ನಿನಗೆ ಹೀಗೆ ಕಾಣ್ತೀನಾ?"

ಹರಿದು ಹಾಕಿ ಕೈ ಎತ್ತಿದ. ಈ ಸಲ ಕಣ್ಣು ಮುಚ್ಚಲಿಲ್ಲ. ಮೊಣಕೈಯನ್ನೇ ನೋಡಿದೆ. ಪಕ್ಕದಲ್ಲಿ ಕಾಣುತ್ತಿದ್ದರೆ ಏಟು ಬೇರೆಡೆಗೆ. ಮುಷ್ಟಿಯ ಹಿಂದೆ ಮರೆಯಾಯಿತೋ, ನೇರ ನನಗೇ. ಮರೆಯಾಯಿತು. ಸರಿದೆ. ಮುಷ್ಟಿ ಗೋಡೆಗೆ. ಮೂಳೆಯಿಂದ ಒಣ ಕಟ್ಟಿಗೆ ಮುರಿದಂಥ ಸದ್ದು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಕೋಣೆ ಸೇರಿ ಚಿಲಕ ಹಾಕಿದ್ದೇನೆ. ಇಬ್ಬರಿಗೂ ಫೋನ್ ಮಾಡಿದೆ. ಅಕ್ಕ ಬಸ್ಸಿಳಿದಳಂತೆ. ಮೇಷ್ಟ್ರು ಪೊಲೀಸರೊಂದಿಗೆ ಹೊರಟಿದ್ದಾರಂತೆ. ಅವರು ಬರುವಷ್ಟರಲ್ಲಿ ನನಗೇನಾದರೂ ಆದರೆ ಎಂದು ಬರೆಯುತ್ತಿದ್ದೇನೆ.

ಬಾಗಿಲಿನ ಮೇಲಿನ ಹಲಗೆ ಸೀಳಿತು. ಕೈ ತೂರಿಸಿ ಚಿಲಕ ಹುಡುಕುತ್ತಿದ್ದಾನೆ... ಎಡಗೈ. ಇಷ್ಟು ದಿನ ನಾನು ನೋಡಿದ್ದೆಲ್ಲ ಬಲಗೈ. ಎಡಗೈ ಹೇಗೆ ಬರುತ್ತದೆ ಎಂದು ಇನ್ನೂ