ಅನ್ನ ಮನೆಯಲ್ಲಿತ್ತು, ಅಪ್ಪಾ

ಅಪ್ಪಾ,

ನನ್ನ ಕಾಯಿಲೆಗೆ ನಿನ್ನೆ ಒಂದು ಹೆಸರು ಸಿಕ್ಕಿತು. ಫೋಂಡಾದ ಹೊಸ ಡಾಕ್ಟರ್, ನಾನು ಊಟಕ್ಕೆ ಯಾಕೆ ಹೆದರುತ್ತೇನೆ, ಕನ್ನಡಿಯಲ್ಲಿ ನನಗೆ ಏನು ಕಾಣುತ್ತದೆ ಎಂದೆಲ್ಲ ಕೇಳಿದರು. ಹಿಂದೆ ಯಾರೂ ಅದನ್ನು ಕೇಳಿರಲಿಲ್ಲ. ನೀನು ಬಂದರಿನ ಕೆಲಸ ಬಿಟ್ಟು ನನ್ನನ್ನು ಕರೆದೊಯ್ದಾಗಲೆಲ್ಲ ಹಿಂದಿನ ಡಾಕ್ಟರುಗಳು ಟಿಬಿ ಪರೀಕ್ಷೆ ಮಾಡಿಸಿ, ರಕ್ತ ಹೆಚ್ಚಿಸುವ ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ಕೂಲಿಯವರ ಮಕ್ಕಳಿಗೆ ಹೊಟ್ಟೆತುಂಬ ಊಟ ಸಿಗುವುದಿಲ್ಲ ಎಂದು ಅವರು ಹೇಳಿದಾಗ ನೀನು ತಲೆ ತಗ್ಗಿಸಿದ್ದೆ.

ಅನ್ನ ಮನೆಯಲ್ಲಿತ್ತು, ಅಪ್ಪಾ. ಬಡಿಸಿದ್ದನ್ನು ನಾನೇ ಬಿಡುತ್ತಿದ್ದೆ. ಅದೊಂದು ಕಾಯಿಲೆಯೆಂದು ತಿಳಿಯುವ ಮೊದಲೇ ನೀನು ತೀರಿಕೊಂಡೆ.

ಇದಕ್ಕೆ ಔಷಧಿಗಿಂತ ಜೊತೆ ಮುಖ್ಯವಂತೆ. ಕನ್ನಡ ಬಲ್ಲ ನರ್ಸ್ ಅವ್ವನನ್ನು ಕೇಳಿದರು: "ಮೂರೂ ಹೊತ್ತು ಈಕಿ ಮುಂದ ಕುಂತು ಉಣಸೋರು ಮನ್ಯಾಗ ಯಾರದಾರ್ರಿ?"

"ನಾ ಬಿಲ್ಡಿಂಗ್ ಕೆಲಸಕ್ಕ ಹೋಗತೇನ್ರಿ. ಬರೂದು ಸಂಜೀಕ," ಎಂದಳು ಅವ್ವ. ನಿನ್ನ ಹೆಸರು ಯಾರೂ ಎತ್ತಲಿಲ್ಲ.

ಇವತ್ತು ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಾಗ ಅವ್ವ ಕೆಲಸದ ಜಾಗದಿಂದ ಫೋನ್ ಮಾಡಿದಳು.

"ನಾನೂ ಬುತ್ತಿ ಬಿಚ್ಚೇನಿ. ನೀ ಉಣ್ಣು."

ಅಲ್ಲಿ ಕಾಂಕ್ರೀಟ್ ಮಿಕ್ಸರಿನ ಸದ್ದು ನಿಂತಿತ್ತು. ಅವಳು ರೊಟ್ಟಿ ಅಗಿಯುವುದು ಕೇಳುತ್ತಿತ್ತು.

"ನುಂಗಿದೇನ, ಅಶ್ವಿನಿ?"

"ಹ್ಞೂಂ," ಎಂದೆ. ತುತ್ತು ಇನ್ನೂ ಕೈಯಲ್ಲೇ ಇತ್ತು.

ಅವ್ವ ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಾನು ತುತ್ತನ್ನು ಬಾಯಿಗಿಟ್ಟೆ.